ಹಸುಗೂಸಿನ ಕೆಮ್ಮು: ನಾಯಿಕೆಮ್ಮೋ, ಅಲ್ಲವೋ?

ಓದುಗರ ಪ್ರಶ್ನೆ, ಮಕ್ಕಳ ತಜ್ಞರ ಉತ್ತರ

ಮಳೆಗಾಲದ ನೆಗಡಿ-ಕೆಮ್ಮಿನ ಪತ್ರಗಳ ನಡುವೆ ಈ ಸಲ ನಾಯಿಕೆಮ್ಮಿನ ಬಗ್ಗೆ ಕರಾವಳಿಯಿಂದಲೂ ಘಟ್ಟದ ಮೇಲಿಂದಲೂ ಕೇಳಿದ್ದಾರೆ. ಮೊದಲ ಪತ್ರಕ್ಕೆ ಕೊಟ್ಟ ಉತ್ತರ ಉದ್ದವಾಗಿದೆ. ಉಳಿದವರೂ ಅದನ್ನು ಓದಿಕೊಳ್ಳಿ.

ಮಗುವಿಗೆ ಎರಡೂವರೆ ತಿಂಗಳು, ತೂಕ 4.2 ಕಿಲೊ. 12 ದಿನದಿಂದ ಕೆಮ್ಮು, ಜ್ವರ ಇಲ್ಲ. ಕೆಮ್ಮು ಶುರುವಾದರೆ ನಿಲ್ಲುವುದೇ ಇಲ್ಲ, ಮುಖ ಕೆಂಪಾಗಿ ಕೊನೆಗೆ ಕುಡಿದ ಹಾಲೆಲ್ಲ ವಾಂತಿ. ಆದರೆ ‘ಹೂಪ್’ ಎಂಬ ಶಬ್ದ ಇಲ್ಲ. ಒಬ್ಬರು ಡಾಕ್ಟರು ಬ್ರಾಂಕಿಯೊಲೈಟಿಸ್ (ಶ್ವಾಸಕೋಶದ ಸಣ್ಣ ಗಾಳಿನಾಳಗಳ ಊತ) ಎಂದು 3 ದಿನ ಅಜಿತ್ರೊಮೈಸಿನ್ ಕೊಟ್ಟರು. ಇನ್ನೊಬ್ಬರು ನಾಯಿಕೆಮ್ಮು ಇರಬಹುದೆಂದು ಸ್ವಾಬ್ ಕಳಿಸಿದರು, ನೆಗೆಟಿವ್ ಬಂತು. ರಕ್ತದಲ್ಲಿ ಬಿಳಿಕಣ 22,400, ಅದರಲ್ಲಿ ಲಿಂಫೊಸೈಟ್ ಎಂಬ ಬಗೆಯ ಕಣ ಶೇ 71. ನೆಗಡಿ ಇತ್ತೆಂದು ಮೊದಲ ಪೆಂಟಾ (ನಾಯಿಕೆಮ್ಮೂ ಸೇರಿ ಐದು ರೋಗಗಳ ಲಸಿಕೆ) ಮುಂದೆ ಹಾಕಿದ್ದೆವು. ಯಾರ ಮಾತು ನಂಬುವುದು? – ಕುಮಟಾ

ಶಬ್ದ ಇಲ್ಲ ಎಂಬ ಕಾರಣಕ್ಕೆ ನಾಯಿಕೆಮ್ಮು ಅಲ್ಲ ಎನ್ನುವಂತಿಲ್ಲ. ಒಂದೇ ಉಸಿರಿನಲ್ಲಿ ಹತ್ತಿಪ್ಪತ್ತು ಸಲ ಕೆಮ್ಮಿ, ಶ್ವಾಸಕೋಶ ಖಾಲಿಯಾದ ಮೇಲೆ ಬಿಗಿದ ಗಂಟಲಿನ ಮೂಲಕ ಜೋರಾಗಿ ಗಾಳಿ ಎಳೆದುಕೊಂಡಾಗ ಬರುವ ಸದ್ದು ಅದು. ಹಾಗೆ ಎಳೆಯುವ ಶಕ್ತಿ ಎರಡು-ಮೂರು ತಿಂಗಳ ಕೂಸಿಗೆ ಇರುವುದಿಲ್ಲ. ಶಬ್ದದ ಬದಲು ಅದು ಉಸಿರನ್ನೇ ನಿಲ್ಲಿಸಿಬಿಡಬಹುದು. ಕೆಲವು ಶಿಶುಗಳಲ್ಲಿ ಕೆಮ್ಮೂ ಹೆಚ್ಚಿರುವುದಿಲ್ಲ. ಬಾಯಿ ತೆರೆದು ತಡವರಿಸಿ, ತುಟಿ ನೀಲಿಯಾಗಿ, ಮೈ ಸಡಿಲ ಬಿಡುತ್ತವೆ. ಜ್ವರ ಇಲ್ಲದಿರುವುದೂ ಈ ರೋಗದ ರೀತಿಯೇ.

ಬ್ರಾಂಕಿಯೊಲೈಟಿಸ್‌ನ ನಡಿಗೆ ಬೇರೆ. ಅದು ನೆಗಡಿಯಿಂದ ಶುರುವಾಗಿ 3ರಿಂದ 5ನೇ ದಿನಕ್ಕೆ ಜೋರಾಗುತ್ತದೆ. ಕೆಮ್ಮದೇ ಇದ್ದಾಗಲೂ ಮಗು ಏದುಸಿರು ಬಿಡುತ್ತದೆ, ಪಕ್ಕೆ ಒಳಕ್ಕೆ ಎಳೆಯುತ್ತದೆ, ಎದೆಯಲ್ಲಿ ಸುಂಯ್ ಎನ್ನುವ ಸದ್ದು ಕೇಳುತ್ತದೆ. ಎರಡನೇ ವಾರಕ್ಕೆ ಸಾಮಾನ್ಯವಾಗಿ ಇಳಿಮುಖ. ನಾಯಿಕೆಮ್ಮು ಎರಡನೇ ವಾರದ ಹೊತ್ತಿಗೇ ಏರತೊಡಗುತ್ತದೆ. ಮೊದಲ ಒಂದೆರಡು ವಾರ ಬರೀ ನೆಗಡಿಯ ಹಾಗೆ ಇರುತ್ತದೆ. ಇನ್ನೊಂದು ಗೊಂದಲ: ಒಂದು ಕೆಮ್ಮಿಗೂ ಇನ್ನೊಂದಕ್ಕೂ ನಡುವೆ ಮಗು ನಗುತ್ತ ಆಡುತ್ತ ಇರುತ್ತದೆ. ಡಾಕ್ಟರು ನೋಡುವುದು ಹೆಚ್ಚಾಗಿ ಆ ಬಿಡುವಿನಲ್ಲೇ. ಸ್ಟೆತಸ್ಕೋಪಿಗೆ ಏನೂ ಸಿಗುವುದಿಲ್ಲ, ಎಕ್ಸ್‌ರೇ ಕೂಡ ಬಹುಪಾಲು ಸರಿಯಾಗೇ ಇರುತ್ತದೆ. ಮೊದಲ ಡಾಕ್ಟರನ್ನು ದೂರಿ ಫಲವಿಲ್ಲ.

ಅದಕ್ಕೇ ಮೊಬೈಲಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಲೈಟು ಹಾಕಿ, ಅಂಗಿ ಮೇಲೆ ಸರಿಸಿ ಎದೆ, ಹೊಟ್ಟೆ, ತುಟಿ ಮೂರೂ ಕಾಣುವ ಹಾಗೆ. ಕೆಮ್ಮು ನಿಂತ ಕೂಡಲೇ ಕ್ಯಾಮೆರಾ ಆರಿಸಬೇಡಿ, ಮುಂದಿನ ಅರ್ಧ ನಿಮಿಷವೇ ಮುಖ್ಯ: ಉಸಿರು ತಿರುಗಿ ಬರಲು ಎಷ್ಟು ಹೊತ್ತು ಹಿಡಿಯಿತು, ಬಣ್ಣ ಯಾವಾಗ ಮರಳಿತು ಎಂದು ಅದರಲ್ಲಿ ಗೊತ್ತಾಗುತ್ತದೆ. ವಿಡಿಯೊ ಮಾಡುವವರು ಒಬ್ಬರು, ಮಗುವನ್ನು ಹಿಡಿದುಕೊಳ್ಳುವವರು ಇನ್ನೊಬ್ಬರಿರಲಿ.

ಇನ್ನು ರಕ್ತದ ಲೆಕ್ಕ. ಶೇ 71 ಎಂಬ ಅಂಕಿಯೊಂದನ್ನೇ ನೋಡಬೇಡಿ, ಈ ವಯಸ್ಸಿನಲ್ಲಿ ಆರೋಗ್ಯವಂತ ಮಗುವಿಗೂ ಲಿಂಫೊಸೈಟ್ ಅರ್ಧಕ್ಕಿಂತ ಹೆಚ್ಚೇ ಇರುತ್ತದೆ. ಒಟ್ಟು ಬಿಳಿಕಣವನ್ನು ಅದರಿಂದ ಗುಣಿಸಿ: 22,400ರಲ್ಲಿ ಶೇ 71 ಅಂದರೆ ಸುಮಾರು 15,900. ಹತ್ತು ಸಾವಿರ ದಾಟಿದ್ದರೆ, ಇಂಥ ಕೆಮ್ಮೂ ಇದ್ದರೆ, ನಾಯಿಕೆಮ್ಮಿನ ಅನುಮಾನ ಬಲವಾಗುತ್ತದೆ. ಈ ರೋಗಾಣು ಬಿಡುವ ವಿಷ ಲಿಂಫೊಸೈಟ್‌ಗಳನ್ನು ರಕ್ತನಾಳ ಬಿಟ್ಟು ಹೊರಹೋಗಲು ಬಿಡುವುದಿಲ್ಲ, ಅವು ರಕ್ತದಲ್ಲೇ ಜಮಾಯಿಸುತ್ತವೆ. ಹಾಗೆಂದು ಲೆಕ್ಕ ಸರಿ ಇದ್ದರೆ ರೋಗ ಇಲ್ಲ ಎಂದಾಗಲಿಲ್ಲ, ಮೊದಲ ದಿನಗಳಲ್ಲಿ ಅದು ಏರಿರುವುದಿಲ್ಲ. ಒಟ್ಟು ಬಿಳಿಕಣ 30,000 ದಾಟಿ ದಿನದಿಂದ ದಿನಕ್ಕೆ ಏರುತ್ತಿದ್ದರೆ ಮಾತ್ರ ಅದು ರೋಗ ಗುರುತಿಸುವ ಪ್ರಶ್ನೆಯಾಗಿ ಉಳಿಯುವುದಿಲ್ಲ. ಶ್ವಾಸಕೋಶದ ರಕ್ತನಾಳದಲ್ಲಿ ಒತ್ತಡ ಏರುವ ಅಪಾಯವಿದೆ, ಐಸಿಯು ಇರುವ ಆಸ್ಪತ್ರೆ ಬೇಕು.

ಸ್ವಾಬ್ ವರದಿಯಲ್ಲಿ ಮೂರು ಸಂಗತಿ ನೋಡಿ. ಪರೀಕ್ಷೆ ಯಾವುದು? ರೋಗಾಣುವಿನ ಡಿಎನ್‌ಎ ಹುಡುಕುವ ಪಿಸಿಆರ್ ಆದರೆ ಕೆಮ್ಮು ಶುರುವಾದ ಮೂರು ವಾರದೊಳಗೆ ಚೆನ್ನಾಗಿ ಹಿಡಿಯುತ್ತದೆ. ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಕಲ್ಚರ್ ಆದರೆ ಮೊದಲ ಎರಡು ವಾರ ಮಾತ್ರ, ಫಲಿತಾಂಶಕ್ಕೆ ಒಂದು ವಾರಕ್ಕೂ ಹೆಚ್ಚು ಕಾಯಬೇಕಾಗಬಹುದು. ಮಾದರಿ ತೆಗೆದದ್ದು ಎಲ್ಲಿಂದ? ತೆಳ್ಳಗಿನ ಕಡ್ಡಿ ಮೂಗಿನ ತಳಕ್ಕೆ ಸಮವಾಗಿ ಹಿಂದಕ್ಕೆ ಹೋಗಿ ಹಿಂಗೋಡೆಗೆ ತಾಗಬೇಕು, ಅಲ್ಲಿ ಕೆಲವು ಸೆಕೆಂಡು ನಿಲ್ಲಬೇಕು. ಹೊಳ್ಳೆಯ ಬಾಯಲ್ಲೋ ಗಂಟಲಿನಲ್ಲೋ ಒರೆಸಿದ್ದು ಪ್ರಯೋಜನಕ್ಕಿಲ್ಲ. ಹತ್ತಿ ಸುತ್ತಿದ ಕಡ್ಡಿಯೂ ಬೇಡ, ಕಲ್ಚರಿನಲ್ಲಿ ಈ ರೋಗಾಣು ಬೆಳೆಯಲು ಹತ್ತಿಯೇ ಅಡ್ಡಿ. ಮೂರನೆಯದು, ಆ್ಯಂಟಿಬಯಾಟಿಕ್ ಮೊದಲೇ ಹೋಗಿತ್ತೇ? ನಿಮ್ಮಲ್ಲಿ ಹೋಗಿತ್ತು. ಅಜಿತ್ರೊಮೈಸಿನ್ ಬಿದ್ದ ಮೇಲೆ ಕಲ್ಚರ್ ಬೇಗ ನೆಗೆಟಿವ್ ಆಗುತ್ತದೆ, ಪಿಸಿಆರ್ ಕೂಡ ದಿನ ಕಳೆದಂತೆ ಸೋಲುತ್ತದೆ. ಆದ್ದರಿಂದ ನಿಮ್ಮ ಕೈಲಿರುವ ‘ನೆಗೆಟಿವ್’ಗೆ ತೂಕ ಕಡಿಮೆ. ಹಲವು ರೋಗಾಣುಗಳನ್ನು ಒಟ್ಟಿಗೆ ಹುಡುಕುವ ಪ್ಯಾನೆಲ್ ಪರೀಕ್ಷೆಯಲ್ಲಿ ಬ್ರಾಂಕಿಯೊಲೈಟಿಸ್ ತರುವ ಆರ್‌ಎಸ್‌ವಿ ವೈರಸ್ ಸಿಕ್ಕಿದರೂ ನಾಯಿಕೆಮ್ಮು ತಪ್ಪಿತು ಎನ್ನಲಾಗದು, ಎರಡೂ ಒಟ್ಟಿಗೆ ಇರಬಲ್ಲವು. ರಕ್ತದ ಆ್ಯಂಟಿಬಾಡಿ ಪರೀಕ್ಷೆಗೆ ದುಡ್ಡು ಹಾಕಬೇಡಿ; ತಾಯಿಯಿಂದ ಬಂದ ಆ್ಯಂಟಿಬಾಡಿ ಇರುವ ಶಿಶುವಿನಲ್ಲಿ ಅದಕ್ಕೆ ಅರ್ಥವಿಲ್ಲ.

ಇಷ್ಟೆಲ್ಲ ಕೂಡಿಸಿದರೆ ನಮ್ಮ ಅಭಿಪ್ರಾಯ ಎರಡನೇ ಡಾಕ್ಟರ ಕಡೆಗೆ. ಮೂರು ತಿಂಗಳೊಳಗಿನ ಮಗುವಿನಲ್ಲಿ ಖಚಿತವಾಗುವ ತನಕ ಕಾಯುವ ಹಾಗಿಲ್ಲ, ಅನುಮಾನದ ಮೇಲೆಯೇ ಔಷಧ ಶುರುಮಾಡುವುದು ಸರಿ. ನಾಯಿಕೆಮ್ಮಿಗೆ ಅಜಿತ್ರೊಮೈಸಿನ್ 5 ದಿನ ಬೇಕು, 3 ದಿನ ಸಾಲದು. ಆರು ತಿಂಗಳೊಳಗೆ ಕಿಲೊಗೆ 10 ಮಿ.ಗ್ರಾಂನಂತೆ ದಿನಕ್ಕೊಂದು ಸಲ: 4.2 ಕಿಲೊಗೆ 42 ಮಿ.ಗ್ರಾಂ. ಅಂಗಡಿಯಲ್ಲಿ 5 ಮಿ.ಲೀ.ಗೆ 100 ಮಿ.ಗ್ರಾಂ ಇರುವ ಬಾಟಲಿಯೂ ಇದೆ, 200 ಇರುವುದೂ ಇದೆ. ಮೊದಲನೆಯದಾದರೆ 2.1 ಮಿ.ಲೀ., ಎರಡನೆಯದಾದರೆ ಸುಮಾರು 1 ಮಿ.ಲೀ. ಬಾಟಲಿ ಬದಲಾದದ್ದು ಗೊತ್ತಾಗದೆ ಎರಡರಷ್ಟು ಕುಡಿಸುವುದು ಆಗಾಗ ಆಗುವ ತಪ್ಪು, ಚೀಟಿಯಲ್ಲಿ ಮಿ.ಗ್ರಾಂ, ಮಿ.ಲೀ. ಎರಡನ್ನೂ ಬರೆಸಿಕೊಳ್ಳಿ. ಕೋರ್ಸನ್ನು ಮೊದಲಿನಿಂದ ಶುರುಮಾಡುವುದು, ಅಡ್ಮಿಟ್ ಮಾಡುವುದು ಡಾಕ್ಟರ ತೀರ್ಮಾನ, ಆದರೆ ಇವತ್ತೇ ತೋರಿಸಿ. ಪೆಂಟಾವನ್ನೂ ಇನ್ನು ತಡಮಾಡಬೇಡಿ, ಮಗು ಚೇತರಿಸಿದ ಕೂಡಲೇ ಹಾಕಿಸಿ. ಬರೀ ನೆಗಡಿಗೆ ಲಸಿಕೆ ಮುಂದೂಡುವ ಅಗತ್ಯ ಇರಲಿಲ್ಲ.

ಮಗುವಿಗೆ 36 ದಿನ, ಆರೋಗ್ಯವಾಗಿದೆ. ಯಜಮಾನರಿಗೆ ಎರಡು ವಾರದಿಂದ ಒಣಕೆಮ್ಮು, ರಾತ್ರಿ ಕೆಮ್ಮಿ ಕೆಮ್ಮಿ ಓಕರಿಕೆ ಬರುತ್ತದೆ. ಬಸಿರಿನಲ್ಲಿ ನಾನು ಎರಡು ಟಿಡಿ ಇಂಜೆಕ್ಷನ್ ತೆಗೆದುಕೊಂಡಿದ್ದೆ. ಮಗುವಿಗೆ ಅದು ಸಾಕೆ? – ಕಾರವಾರ

ಸಾಲದು. ಟಿಡಿಯಲ್ಲಿ ಇರುವುದು ಧನುರ್ವಾಯು ಮತ್ತು ಗಂಟಲಮಾರಿಯ ರಕ್ಷಣೆ, ನಾಯಿಕೆಮ್ಮಿನದ್ದು ಅದರಲ್ಲಿ ಇಲ್ಲ. ಅದಕ್ಕೆ ಟಿಡ್ಯಾಪ್ ಎಂಬ ಬೇರೆ ಲಸಿಕೆ ಇದೆ, ಬಸಿರಿನ 27ರಿಂದ 36ನೇ ವಾರದೊಳಗೆ ಹಾಕಿದರೆ ತಾಯಿಯ ಆ್ಯಂಟಿಬಾಡಿ ಕೂಸಿಗೆ ದಾಟುತ್ತದೆ. ಸರ್ಕಾರಿ ಕಾರ್ಯಕ್ರಮದಲ್ಲಿ ಸಿಗುವುದು ಟಿಡಿ. ಟಿಡ್ಯಾಪ್ ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. ಮುಂದಿನ ಬಸಿರಿಗೆ ನೆನಪಿರಲಿ, ಪ್ರತಿ ಬಸಿರಿನಲ್ಲೂ ಬೇಕು.

ಈಗ ಮಾಡಬೇಕಾದದ್ದು: ಯಜಮಾನರನ್ನು ಈ ವಾರವೇ ತೋರಿಸಿ. ದೊಡ್ಡವರಲ್ಲಿ ನಾಯಿಕೆಮ್ಮು ಬರೀ ಬಿಡದ ಕೆಮ್ಮಾಗಿ ಇರುತ್ತದೆ. ಚಿಕ್ಕಂದಿನ ಲಸಿಕೆಯ ಬಲ ವರ್ಷಗಳಲ್ಲಿ ಇಳಿದಿರುತ್ತದೆ. ಅವರ ಸ್ವಾಬ್ ಪಾಸಿಟಿವ್ ಬಂದರೆ, ಮುಂದೆ ನಿಮ್ಮ ಮಗು ಕೆಮ್ಮಿದಾಗ ಅರ್ಧ ಉತ್ತರ ಸಿಕ್ಕ ಹಾಗೆ. ಡಾಕ್ಟರಿಗೆ ಅನುಮಾನ ಬಂದರೆ ಮಗುವಿನ ಸಮೇತ ಮನೆಯವರಿಗೆಲ್ಲ ಅಜಿತ್ರೊಮೈಸಿನ್ ಬರೆಯುತ್ತಾರೆ, ಕೆಮ್ಮು ಇಲ್ಲದವರಿಗೂ. ಯಜಮಾನರು ಔಷಧ ಶುರುಮಾಡಿ 5 ದಿನ ಆಗುವ ತನಕ ಬೇರೆ ಕೋಣೆಯಲ್ಲಿ ಮಲಗಲಿ. ಔಷಧ ಇಲ್ಲದಿದ್ದರೆ ಕೆಮ್ಮು ಶುರುವಾದಂದಿನಿಂದ 21 ದಿನ ಸೋಂಕು ಹರಡುತ್ತದೆ. ಎದೆಹಾಲು ನಿಲ್ಲಿಸಬೇಡಿ. ಇಷ್ಟು ಎಳೆಯ ಮಗುವಿಗೆ ಈ ಔಷಧ ಕೊಟ್ಟ ಮೇಲೆ ಹಾಲು ಚಿಮ್ಮುವ ಹಾಗೆ ಪದೇ ಪದೇ ವಾಂತಿಯಾದರೆ ತಕ್ಷಣ ತೋರಿಸಿ, ಜಠರದ ಬಾಯಿ ಬಿಗಿಯುವ ತೊಂದರೆ ಅಪರೂಪಕ್ಕೆ ಬರುತ್ತದೆ.

ಇನ್ನು 6 ದಿನಕ್ಕೆ ಮಗುವಿಗೆ 6 ವಾರ ತುಂಬುತ್ತದೆ. ಆಶಾ ಕಾರ್ಯಕರ್ತೆಗೆ ಈಗಲೇ ಹೇಳಿಟ್ಟು ಆ ವಾರದ ಲಸಿಕೆ ದಿನವನ್ನೇ ಹಿಡಿಯಿರಿ. ತೊಟ್ಟಿಲು ಶಾಸ್ತ್ರ ಇನ್ನೂ ಆಗಿಲ್ಲದಿದ್ದರೆ ಒಂದು ತಿಂಗಳು ಮುಂದೆ ಹಾಕುವುದರಲ್ಲಿ ನಷ್ಟವೇನಿಲ್ಲ; ನೆಂಟರಲ್ಲಿ ಯಾರಿಗೆ ಯಾವ ಕೆಮ್ಮೋ ಗೊತ್ತಾಗುವುದಿಲ್ಲ.

9 ತಿಂಗಳ ಮೊಮ್ಮಗನಿಗೆ ಕೆಮ್ಮು. ನಮ್ಮ ಪೆಟ್ಟಿಗೆಯದೇ ತುಡುವೆ ಜೇನಿದೆ. ಅದರಲ್ಲಿ ಬಜೆ ತೇದು ನೆಕ್ಕಿಸಬಹುದೇ? ಸಂಜೆ ಧೂಪ ಹಾಕುತ್ತೇವೆ. – ಶಿರಸಿ

ವರ್ಷ ತುಂಬುವ ಮೊದಲು ಜೇನು ಬೇಡ, ಎಷ್ಟೇ ಶುದ್ಧವಿದ್ದರೂ. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಗಳು ಶಿಶುವಿನ ಕರುಳಿನಲ್ಲಿ ಮೊಳೆತು ಸ್ನಾಯುಗಳನ್ನು ಸೋಲಿಸುವ ವಿಷ ಬಿಡಬಲ್ಲವು. ಕಾಸಿದರೂ ಅವು ಸಾಯುವುದಿಲ್ಲ. ಬಜೆಯಿಂದ ಈ ಕೆಮ್ಮು ಇಳಿಯುವುದಿಲ್ಲ, ಮಗು ಕೆಮ್ಮುತ್ತಿರುವಾಗ ಬಾಯಿಗೆ ಏನು ಹಾಕಿದರೂ ಶ್ವಾಸನಾಳಕ್ಕೆ ಇಳಿಯುವ ಭಯ. ಧೂಪ, ಅಗ್ಗಿಷ್ಟಿಕೆ, ಸೊಳ್ಳೆ ಬತ್ತಿ ಎಲ್ಲದರ ಹೊಗೆಯೂ ಕೆಮ್ಮನ್ನು ಕೆರಳಿಸುತ್ತದೆ. ಕರ್ಪೂರ ಹಾಕಿ ಕಾಸಿದ ಎಣ್ಣೆಯನ್ನು ಎದೆಗೆ ತಿಕ್ಕುವವರಿದ್ದರೆ ಅದನ್ನೂ ನಿಲ್ಲಿಸಿ, ಕರ್ಪೂರದಿಂದ ಶಿಶುಗಳಿಗೆ ಫಿಟ್ಸ್ ಬರಬಹುದು. ಅಂಗಡಿಯ ಕೆಮ್ಮಿನ ಸಿರಪ್ಪೂ ಬೇಡ. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ನೆಗಡಿಯ ಔಷಧ ಬರೆಯಬಾರದೆಂದು ಕೇಂದ್ರ ಆರೋಗ್ಯ ಇಲಾಖೆಯೇ 2025ರ ಅಕ್ಟೋಬರಿನಲ್ಲಿ ಸೂಚನೆ ಕೊಟ್ಟಿದೆ.

ನಮ್ಮದು ಒಳಗಿನ ಹಳ್ಳಿ, ಮೊಬೈಲ್ ಸಿಗ್ನಲ್ ಸರಿಯಿಲ್ಲ. ಕೆಮ್ಮುವಾಗ ಮಗು ನೀಲಿಯಾದರೆ ಏನು ಮಾಡುವುದು? ಯಾವಾಗ ಆಸ್ಪತ್ರೆಗೆ ಹೊರಡಬೇಕು? – ಯಲ್ಲಾಪುರ

ಕೆಮ್ಮು ಬಂದಾಗ ಮಗುವನ್ನು ಮಗ್ಗುಲಾಗಿ, ತಲೆ ಸ್ವಲ್ಪ ತಗ್ಗಿಸಿ ಹಿಡಿಯಿರಿ. ಬಾಯಿಯಿಂದ ಇಳಿಯುವ ಲೋಳೆಯನ್ನು ಬಟ್ಟೆಯಲ್ಲಿ ಒರೆಸಿ, ಬೆರಳು ಒಳಗೆ ಹಾಕಬೇಡಿ. ನೀರು ಹಾಕಬೇಡಿ, ಎತ್ತಿ ಕುಲುಕಬೇಡಿ. ಉಸಿರು ನಿಂತಂತೆ ಕಂಡರೆ ಬೆನ್ನು ತಿಕ್ಕಿ, ಅಂಗಾಲಿಗೆ ಬೆರಳಿನಿಂದ ತಟ್ಟಿ. ಬಹಳ ಸಲ ಇಷ್ಟಕ್ಕೇ ಉಸಿರು ಮರಳುತ್ತದೆ. ಮರಳದಿದ್ದರೆ ಅಂಗಾತ ಮಲಗಿಸಿ, ನಿಮ್ಮ ಬಾಯಿಯಿಂದ ಮಗುವಿನ ಮೂಗು-ಬಾಯಿ ಎರಡನ್ನೂ ಮುಚ್ಚಿ ಎದೆ ಏಳುವಷ್ಟು ಮಾತ್ರ ಮೆಲ್ಲಗೆ ಊದಿ, ಉಸಿರು ಬರುವ ತನಕ ಮುಂದುವರಿಸಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಒಂದೇ ಸಲ ತುಟಿ ನೀಲಿಯಾದರೂ, ಉಸಿರು 20 ಸೆಕೆಂಡು ನಿಂತರೂ, ಹಾಲು ಅರ್ಧಕ್ಕಿಳಿದರೂ, ಫಿಟ್ಸ್ ಬಂದರೂ ಹೊರಡಿ. ಮಲಗಿದ್ದಾಗ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ: ಎರಡು ತಿಂಗಳೊಳಗೆ 60, ಆಮೇಲೆ ವರ್ಷದ ತನಕ 50 ಮುಟ್ಟಿದರೆ ತಡಮಾಡಬಾರದು. ಸಿಗ್ನಲ್ ಇಲ್ಲದ ಊರಿನವರು ಮೂರು ತಿಂಗಳೊಳಗಿನ ಮಗುವಿಗೆ ಅನುಮಾನ ಬಂದ ದಿನವೇ, ಹಗಲಿನಲ್ಲೇ ಪೇಟೆ ಸೇರಿಕೊಳ್ಳಿ. ಹುಬ್ಬಳ್ಳಿಗೆ ಕಳಿಸಿದರೆ ಸ್ವಂತ ಕಾರಿಗಿಂತ ಆಕ್ಸಿಜನ್ ಇರುವ ಆಂಬುಲೆನ್ಸ್ ಒಳ್ಳೆಯದು. ದಾರಿಯಲ್ಲಿ ಹಾಲು ಸ್ವಲ್ಪ ಸ್ವಲ್ಪವೇ ಕೊಡಿ. ವಾಂತಿಯಾದರೆ ಹತ್ತು-ಹದಿನೈದು ನಿಮಿಷ ಬಿಟ್ಟು ಮತ್ತೆ ಕುಡಿಸಿ.

ನಾಯಿಕೆಮ್ಮಿನ ಔಷಧದ ಕೋರ್ಸ್ ಮುಗಿದು ಆರು ವಾರವಾದರೂ 5 ತಿಂಗಳ ಮಗಳು ರಾತ್ರಿ ಕೆಮ್ಮುತ್ತಾಳೆ. ಔಷಧ ತಾಗಲಿಲ್ಲವೇ? ಇನ್ನೊಮ್ಮೆ ಕೊಡಬೇಕೇ? – ಹೊನ್ನಾವರ

ತಾಗಿದೆ. ಔಷಧ ರೋಗಾಣುವನ್ನು ಕೊಂದು ಹರಡುವುದನ್ನು ನಿಲ್ಲಿಸುತ್ತದೆ, ಆದರೆ ಅಷ್ಟರಲ್ಲಿ ಶ್ವಾಸನಾಳದ ಒಳಪದರ ಹಾಳಾಗಿರುತ್ತದೆ. ಅದು ಹೊಸದಾಗಿ ಬೆಳೆಯುವ ತನಕ ಕೆಮ್ಮು ಬಿಡುವುದಿಲ್ಲ, ಎರಡು-ಮೂರು ತಿಂಗಳೂ ಎಳೆಯಬಹುದು. ನಡುವೆ ನೆಗಡಿಯಾದರೆ ಹಳೇ ಕೆಮ್ಮೇ ಮರಳಿ ಬಂದಂತೆ ಕಾಣುತ್ತದೆ, ಅದು ಮರುಸೋಂಕಲ್ಲ. ಕೋರ್ಸ್ ಮತ್ತೆ ಬೇಡ. ತೂಕ ಏರುತ್ತಿದೆಯೇ ಎಂದು ಹದಿನೈದು ದಿನಕ್ಕೊಮ್ಮೆ ನೋಡಿ. ಏರದಿದ್ದರೆ, ಅಥವಾ ಹೊಸದಾಗಿ ಜ್ವರ ಬಂದರೆ ಕ್ಷಯ, ನ್ಯುಮೋನಿಯಾ ಹುಡುಕಬೇಕಾಗುತ್ತದೆ. ರೋಗ ಬಂದು ಹೋಯಿತೆಂದು ಉಳಿದ ಪೆಂಟಾ ಬಿಡಬೇಡಿ, ರೋಗದಿಂದ ಬಂದ ರಕ್ಷಣೆಯೂ ಶಾಶ್ವತವಲ್ಲ.

14 ತಿಂಗಳ ಮಗ ನಿನ್ನೆ ರಾತ್ರಿ ಏಕಾಏಕಿ ನಾಯಿ ಬೊಗಳಿದ ಹಾಗೆ ಕೆಮ್ಮತೊಡಗಿದ, ಧ್ವನಿ ಒಡೆದಿದೆ. – ಭಟ್ಕಳ

ಇದು ಹೆಚ್ಚಾಗಿ ಕ್ರೂಪ್, ವೈರಸ್‌ನಿಂದ ಧ್ವನಿಪೆಟ್ಟಿಗೆ ಊದಿಕೊಳ್ಳುವುದು. ನಾಯಿಕೆಮ್ಮಿನಲ್ಲಿ ಧ್ವನಿ ಒಡೆಯುವುದಿಲ್ಲ, ರಾತ್ರೋರಾತ್ರಿ ಶುರುವಾಗುವುದೂ ಇಲ್ಲ. ಸುಮ್ಮನೆ ಕುಳಿತಾಗಲೂ ಉಸಿರೆಳೆಯುವಾಗ ಕರ್ಕಶ ಸದ್ದು ಬರುತ್ತಿದ್ದರೆ ತಕ್ಷಣ ಆಸ್ಪತ್ರೆಗೆ. ಶೇಂಗಾ, ಅಡಿಕೆ ಚೂರು ಬಾಯಿಗೆ ಹಾಕಿಕೊಂಡು ಆಡುತ್ತಿದ್ದನೇ ಎಂದೂ ಮನೆಯಲ್ಲಿ ವಿಚಾರಿಸಿ. ಏಕಾಏಕಿ ಬಂದ ಕೆಮ್ಮಿಗೆ ಅದೂ ಒಂದು ಕಾರಣ.

ಮೊದಲ ಪೆಂಟಾ ಹಾಕಿದ ರಾತ್ರಿ 101 ಡಿಗ್ರಿ ಜ್ವರ ಬಂದು ತೊಡೆ ಊದಿತ್ತು. ಎರಡನೆಯದು ಬಿಡಬಹುದೇ? – ಅಂಕೋಲಾ

ಬಿಡಬೇಡಿ. ಅಷ್ಟು ಜ್ವರ, ಊತ ಸಹಜ, ಎರಡು ದಿನದಲ್ಲಿ ಇಳಿಯುತ್ತದೆ. ತೂಕಕ್ಕೆ ತಕ್ಕ ಪ್ಯಾರಾಸಿಟಮಾಲ್ ಡ್ರಾಪ್ಸ್ ಎಷ್ಟೆಂದು ಲಸಿಕೆ ಹಾಕುವ ಸಿಸ್ಟರ್ ಹತ್ತಿರ ಮೊದಲೇ ಬರೆಸಿಕೊಳ್ಳಿ. ಊದಿದ ಜಾಗಕ್ಕೆ ಬಿಸಿ ಶಾಖ, ಎಣ್ಣೆ ತಿಕ್ಕುವುದು ಬೇಡ. ಹಾಕಿದ ಕೂಡಲೇ ತೀವ್ರ ಅಲರ್ಜಿಯಾಗಿದ್ದರೆ, ಅಥವಾ 7 ದಿನದೊಳಗೆ ಬೇರೆ ಕಾರಣವಿಲ್ಲದೆ ಪ್ರಜ್ಞೆ ತಪ್ಪುವಂಥ ಮೆದುಳಿನ ತೊಂದರೆಯಾಗಿದ್ದರೆ ಮಾತ್ರ ಮುಂದಿನ ಡೋಸ್ ನಿಲ್ಲಿಸುತ್ತಾರೆ. ಫಿಟ್ಸ್ ಬಂದಿದ್ದರೆ ಡಾಕ್ಟರಿಗೆ ಹೇಳಿ ಹಾಕಿಸಿ. 10ನೇ ವಾರದ್ದು ತಪ್ಪಿದ್ದರೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ. ಈಗ ಎರಡನೆಯದು, ಕನಿಷ್ಠ 4 ವಾರ ಬಿಟ್ಟು ಮೂರನೆಯದು ಹಾಕಿಸಿ.