ತಿರುಗುವ ಲಾರಿಯ ಪಕ್ಕದಲ್ಲಿ ಸೈಕಲ್ ಇರಬಾರದು ಅಂತಾರೆ, ಯಾಕೆ?

ಲಾರಿ ತಿರುಗುವಾಗ ಅದರ ಹಿಂದಿನ ಚಕ್ರಗಳು ಮುಂದಿನ ಚಕ್ರ ಹೋದ ದಾರಿಯಲ್ಲೇ ಹೋಗುವುದಿಲ್ಲ, ಒಳಗಡೆಗೆ ಸರಿಯುತ್ತವೆ. ನೀವು ಒಳಪಕ್ಕದಲ್ಲಿದ್ದರೆ ಅವು ಬರುವುದು ನಿಮ್ಮ ಮೇಲೇ.

ಸ್ಟೀರಿಂಗ್ ತಿರುಗಿಸಿದಾಗ ಸಾಮಾನ್ಯವಾಗಿ ಮುಂದಿನ ಚಕ್ರ ಮಾತ್ರ ತಿರುಗುತ್ತದೆ. ಹಿಂದಿನವು ಸುಮ್ನೆ ಅದರ ಹಿಂದೆ ಎಳೆದುಕೊಂಡು ಬರುತ್ತವೆ, ಹಾಗಾಗಿ ಮೂಲೆಯನ್ನು ಅಡ್ಡ ಹಾಯುತ್ತವೆ. ಎರಡರ ನಡುವಿನ ಅಂತರ ಜಾಸ್ತಿಯಾದಷ್ಟೂ ಒಳಗೆ ಸರಿಯುವುದೂ ಜಾಸ್ತಿ. ಕಾರಿನಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಉದ್ದನೆಯ ಲಾರಿ, ಬಸ್ಸು ತಿರುಗುವಾಗ ಪಕ್ಕದಲ್ಲಿ ಸೈಕಲ್ ನಿಂತಿದ್ದ ಜಾಗವೇ ಇಲ್ಲವಾಗುತ್ತದೆ.

ನನ್ನ ಪ್ರಕಾರ ನಿಜವಾದ ಅಪಾಯ ಇದಕ್ಕೂ ಸ್ವಲ್ಪ ಮುಂಚೆ ಶುರುವಾಗುತ್ತದೆ. ತಿರುಗಲು ಜಾಗ ಸಾಲದು ಅಂತ ಚಾಲಕರು ಎಷ್ಟೋ ಸಲ ಮೊದಲು ಲಾರಿಯನ್ನು ಎದುರು ಬದಿಗೆ ಎಳೆಯುತ್ತಾರೆ. ಆಗ ಒಳಪಕ್ಕದಲ್ಲಿ ದಾರಿ ಬಿಟ್ಟುಕೊಟ್ಟ ಹಾಗೆ ಕಾಣುತ್ತದೆ, ಅಲ್ವಾ? ದಯವಿಟ್ಟು ನುಗ್ಗಬೇಡಿ. ಅಲ್ಲಿ ನೀವು ಕನ್ನಡಿಯಲ್ಲೂ ಕಾಣದೇ ಹೋಗಬಹುದು.

ಸಿಗ್ನಲ್‌ನಲ್ಲಿ ಲಾರಿಯ ಹಿಂದೆ, ದೂರ ಬಿಟ್ಟು ನಿಲ್ಲಿ. ಇಂಡಿಕೇಟರ್ ಹಾಕಿಲ್ಲ ಅಂದರೆ ನೇರ ಹೋಗುತ್ತದೆ ಅಂತ ನಂಬಬೇಡಿ. ಲಾರಿಯೇ ಬಂದು ನಿಮ್ಮ ಪಕ್ಕ ನಿಂತರೆ ಇಳಿದು, ಸೈಕಲ್ ತಳ್ಳಿಕೊಂಡು ಫುಟ್‌ಪಾತ್ ಹತ್ತಿಬಿಡಿ.