ಗ್ರೀಕ್ ಪಾಠಕ್ಕೆ ಚಟುವಟಿಕೆ ಹುಡುಕುವ ಮೊದಲು ಕೊನೆಯನ್ನು ಬಚ್ಚಿಡಿ

ಪಾರ್ಥೆನಾನ್ ದೇಗುಲದ ಮಾದರಿ, ಒಲಿಂಪಿಕ್ ಓಟ, ಬಿಳಿ ಬಟ್ಟೆ ಸುತ್ತಿಕೊಂಡು ಸಾಕ್ರಟೀಸನ ವೇಷ: ಎಂಟನೆಯ ತರಗತಿಯ ಗ್ರೀಕ್ ಪಾಠಕ್ಕೆ ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳಿದ್ದೀರಿ. ಯಾವುದೂ ಬೇಡ. ರಾತ್ರಿಯೆಲ್ಲ ಕುಳಿತು ಥರ್ಮೋಕೋಲ್ ಕಂಬ ಕತ್ತರಿಸುವವರು ಅಪ್ಪಂದಿರು. ಇತಿಹಾಸ ಕಲಿತರೆ ಅವರೇ ಕಲಿತಾರು.

ಇದನ್ನೆಲ್ಲ ಮಾಡಿಸಿ ಬೇಸತ್ತ ಮೇಲೆ ನಾನು ಹಿಡಿದದ್ದು ಮಿಟಿಲೀನ್ ಪ್ರಸಂಗವನ್ನು. ಲೆಸ್ಬಾಸ್ ದ್ವೀಪದ ಈ ನಗರ ಕ್ರಿ.ಪೂ. 428ರಲ್ಲಿ ಅಥೆನ್ಸ್ ವಿರುದ್ಧ ದಂಗೆ ಎದ್ದು ಮರುವರ್ಷ ಶರಣಾಯಿತು. ಅಥೆನ್ಸಿನ ಜನಸಭೆ ಸಿಟ್ಟಿನ ಭರದಲ್ಲಿ ತೀರ್ಮಾನಿಸಿತು: ಅಲ್ಲಿನ ವಯಸ್ಕ ಗಂಡಸರನ್ನೆಲ್ಲ ಕೊಲ್ಲಬೇಕು, ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾಡಬೇಕು. ಆಜ್ಞೆ ಹೊತ್ತ ಹಡಗು ಹೊರಟೂಬಿಟ್ಟಿತು. ಬೆಳಗಾಗುತ್ತಲೇ ಜನರಿಗೆ ಅಳುಕು, ಮತ್ತೆ ಸಭೆ. ಕೊಟ್ಟ ತೀರ್ಪಿಗೆ ಅಂಟಿಕೊಳ್ಳಿ ಎಂದ ಕ್ಲಿಯಾನ್ ಎಂಬ ನಾಯಕ. ಡಿಯೊಡೊಟಸ್ ಎಂಬ ಇನ್ನೊಬ್ಬ ಅದಕ್ಕೆ ಎದುರು ನಿಂತ, ಆದರೆ ಕನಿಕರದ ಹೆಸರಿನಲ್ಲಿ ಅಲ್ಲ: ಎಲ್ಲರನ್ನೂ ಕೊಂದರೆ ನಾಳೆ ದಂಗೆ ಎದ್ದ ಊರು ಯಾವುದೂ ಶರಣಾಗದು, ನಷ್ಟ ನಮಗೇ ಎಂದ.

ಮಕ್ಕಳು ಇದನ್ನೇ ವಾದಿಸಿ ಕೈ ಎತ್ತಿ ಮತ ಹಾಕಬೇಕು. ಇಷ್ಟೇ ಚಟುವಟಿಕೆ. ತಪಾಸಣೆಯ ದಿನವೇ ಮಾಡಿಸಿದೆ. ಆದರೆ ಕಪ್ಪುಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಶೀರ್ಷಿಕೆ ಬರೆದಿಟ್ಟಿದ್ದೆ: ‘ಎರಡನೆಯ ಹಡಗು’. ಅಲ್ಲಿಗೆ ಮುಗಿಯಿತು. ಮೊದಲ ಆಜ್ಞೆಯನ್ನು ತಡೆಯಲು ಎರಡನೆಯ ಹಡಗು ಹೊರಟಿದೆ ಎಂದರೆ ಸಭೆ ಮನಸ್ಸು ಬದಲಿಸಿದೆ ಎಂದೇ ಅರ್ಥ. ಮನಸ್ಸು ಬದಲಿಸಿದೆ ಎಂದರೆ ಟೀಚರ್‌ಗೆ ಬೇಕಾದ ಸರಿಯುತ್ತರ ಕ್ಷಮೆ. ಮಕ್ಕಳಿಗೆ ಇದು ಅರ್ಧ ನಿಮಿಷದಲ್ಲಿ ಹೊಳೆಯುತ್ತದೆ, ಅವರು ಬದುಕುವುದೇ ಸರಿಯುತ್ತರ ಹುಡುಕಿಕೊಂಡು. ಎಲ್ಲ ಕೈಗಳೂ ಕ್ಷಮೆಯ ಪರ ಎದ್ದವು, ಕ್ಲಿಯಾನನ ಪಾತ್ರ ಮಾಡುತ್ತಿದ್ದ ಹುಡುಗನದೂ. ಅಧಿಕಾರಿ ‘ಗದ್ದಲ ಹೆಚ್ಚು, ಪಾಠ ಕಡಿಮೆ’ ಎಂದು ಷರಾ ಬರೆದು ಹೋದರು. ನನ್ನ ಚಟುವಟಿಕೆಯ ಅವಧಿ ಗಣಿತಕ್ಕೆ ಹೋಯಿತು. ವರ್ಷಪೂರ್ತಿ ಹೋಯಿತು. ಆ ಶೀರ್ಷಿಕೆ ಬರೆಯದೆ ಇದ್ದಿದ್ದರೆ, ಬರೀ ‘ಮಿಟಿಲೀನ್’ ಎಂದು ಬರೆದಿದ್ದರೆ ಸಾಕಿತ್ತು.

ಮಕ್ಕಳಿಗೆ ಗ್ರೀಕ್ ಇತಿಹಾಸ ಬೇಸರ ಎನ್ನುವ ನಿಮ್ಮ ಮಾತನ್ನು ನಾನು ಒಪ್ಪುವುದಿಲ್ಲ. ಎಲ್ಲವೂ ತೀರ್ಮಾನವಾಗಿ ಹೋಗಿದೆ ಎಂಬ ಧಾಟಿಯಲ್ಲಿ ನಾವು ಹೇಳುತ್ತೇವೆ, ಬೇಸರ ಅಲ್ಲಿದೆ. ಮುಂದಿನ ವರ್ಷ ಶೀರ್ಷಿಕೆಯಿಲ್ಲದೆ ಅದೇ ಸಭೆ ನಡೆಸಿದೆ. “ಹಡಗು ಹೋಗಿಯಾಯಿತಲ್ಲ ಮಿಸ್, ಈಗ ಮಾತಾಡಿ ಏನು ಪ್ರಯೋಜನ?” ಎಂದು ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು. ಉತ್ತರ ಕೊಡಲಿಲ್ಲ. ಮತ ಎಣಿಸಿದಾಗ ಕ್ಷಮೆಗೆ ಕೂದಲೆಳೆಯ ಗೆಲುವು. ಆಮೇಲೆ ಹೇಳಿದೆ, ಅಥೆನ್ಸಿನಲ್ಲಿ ಹೆಂಗಸರಿಗೆ, ಗುಲಾಮರಿಗೆ, ಹೊರಗಿನವರಿಗೆ ಮತವಿರಲಿಲ್ಲ ಎಂದು. ಹುಡುಗಿಯರ ಕೈಗಳನ್ನು ಬಿಟ್ಟು ಎಣಿಸಿದರೆ ಫಲಿತಾಂಶವೇ ತಿರುಗಿತು. ಆ ಜಗಳ ಊಟದ ಬಿಡುವಿನಲ್ಲೂ ನಿಲ್ಲಲಿಲ್ಲ. ಪ್ರಜಾಪ್ರಭುತ್ವದ ಲಕ್ಷಣಗಳನ್ನು ಬಾಯಿಪಾಠ ಮಾಡಿಸಿದಾಗ ಯಾರೂ ಹೀಗೆ ಕಿತ್ತಾಡಿರಲಿಲ್ಲ.

ಗಂಟೆ ಹೊಡೆದಾಗ ಅಲ್ಲಿಗೇ ನಿಲ್ಲಿಸಿ. ಮಾರನೆಯ ದಿನ ಹಡಗಿನ ಕಥೆ ಹೇಳಿ. ಮೊದಲನೆಯದು ಸುಮಾರು ಒಂದು ಹಗಲು ಒಂದು ರಾತ್ರಿ ಮುಂದಿತ್ತು, ಆದರೆ ಇಂಥ ಕೆಲಸಕ್ಕೆ ಆತುರವಿಲ್ಲದೆ ಸಾಗುತ್ತಿತ್ತು. ಎರಡನೆಯದರ ಹುಟ್ಟುಗಾರರು ದ್ರಾಕ್ಷಾರಸ, ಎಣ್ಣೆ ಬೆರೆಸಿದ ಬಾರ್ಲಿ ಹಿಟ್ಟನ್ನು ಹುಟ್ಟು ಹಾಕುತ್ತಲೇ ತಿಂದರು, ಸರದಿಯಲ್ಲಿ ನಿದ್ದೆ ಮಾಡಿದರು. ಮಿಟಿಲೀನಿನಲ್ಲಿದ್ದ ಅಥೆನ್ಸಿನ ಸೇನಾಪತಿ ಪಾಕೀಸ್ ಮೊದಲ ಆಜ್ಞೆಯನ್ನು ಓದಿ ಜಾರಿಗೆ ತರುವಷ್ಟರಲ್ಲಿ ಬಂದು ಮುಟ್ಟಿದರು. ಇಲ್ಲಿ ಚಪ್ಪಾಳೆ ಬೀಳುತ್ತದೆ, ಬೀಳಲಿ. ಬಳಿಕ ಉಳಿದದ್ದನ್ನೂ ಹೇಳಿ: ದಂಗೆಗೆ ಕಾರಣರೆಂದು ಸಾವಿರಕ್ಕೂ ಹೆಚ್ಚು ಜನರನ್ನು ಕೊಂದರು ಎಂದು ಆ ಕಾಲದ ಇತಿಹಾಸಕಾರ ಥುಸಿಡಿಡೀಸ್ ಬರೆದಿದ್ದಾನೆ. ಇದನ್ನು ನುಂಗಿಕೊಳ್ಳಬೇಡಿ.

ಇದು ಪರೀಕ್ಷೆಗೆ ಬರುವುದಿಲ್ಲ ಎಂದು ಮುಖ್ಯೋಪಾಧ್ಯಾಯರು ಗೊಣಗಿದರೆ, ಪೌರತ್ವ, ಜನಸಭೆ, ಈ ದಂಗೆ ನಡೆದ ಅಥೆನ್ಸ್-ಸ್ಪಾರ್ಟಾಗಳ ಪೆಲೊಪೊನೀಸಿಯನ್ ಯುದ್ಧ ಮೂರೂ ಎರಡೇ ಅವಧಿಯಲ್ಲಿ ಮುಗಿಯುತ್ತವೆ ಎಂದು ಲೆಕ್ಕ ಒಪ್ಪಿಸಿ.