ಪಂಚಾಯ್ತಿ ಕಟ್ಟೆ: ಇಂಗ್ಲೆಂಡಿನ ಹಳ್ಳಿ, ಅಲ್ಲಿನ ಕರ, ಅಲ್ಲಿನ ಲೆಕ್ಕ

ಪ್ರಶ್ನೆ: ನನ್ನ ಮಗಳು ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿದ್ದಾಳೆ. ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯಲ್ಲಿ ನರ್ಸ್ ಕೆಲಸ. ಮನೆ ಕರದ ಬಿಲ್ಲಿನ ಫೋಟೊ ಕಳಿಸಿದ್ದಳು. ಕೊನೆಯಲ್ಲಿ ‘ಪ್ಯಾರಿಷ್ ಕೌನ್ಸಿಲ್’ ಅಂತ ಬೇರೆ ಸಾಲೇ ಇದೆ. ಪ್ಯಾರಿಷ್ ಅಂದ್ರೆ ಚರ್ಚಿಗೆ ಸೇರಿದ್ದು ಅಲ್ವಾ ಸರ್? ನಾವು ಚರ್ಚಿಗೆ ಹೋಗುವವರಲ್ಲ, ನಾವ್ಯಾಕೆ ಕಟ್ಟಬೇಕು ಅಂತ ಅಳಿಯಂದಿರ ತಕರಾರು.
– ಓದುಗರೊಬ್ಬರು, ಗಂಗಾವತಿ

ಉತ್ತರ: ಅಳಿಯಂದಿರಿಗೆ ಸಮಾಧಾನ ಹೇಳಿ ಅಕ್ಕಾ, ಅದು ಚರ್ಚಿನ ದುಡ್ಡಲ್ಲ. ಆ ಬಿಲ್ಲನ್ನು ಇನ್ನೊಮ್ಮೆ ನೋಡಿ. ಕೌಂಟಿ ಕೌನ್ಸಿಲ್‌ಗೆ ಒಂದು ಸಾಲು, ಅದು ನಮ್ಮ ಜಿಲ್ಲಾ ಪಂಚಾಯ್ತಿ ಅನ್ನಿ. ಡಿಸ್ಟ್ರಿಕ್ಟ್ ಕೌನ್ಸಿಲ್‌ಗೆ ಒಂದು, ಹೆಚ್ಚುಕಮ್ಮಿ ತಾಲ್ಲೂಕಿನ ಮಟ್ಟದ್ದು. ಪೊಲೀಸಿಗೆ ಬೇರೆ, ಅಗ್ನಿಶಾಮಕಕ್ಕೆ ಬೇರೆ. ಕೊನೆಗೆ ಪ್ಯಾರಿಷ್. ಅದು ಅಲ್ಲಿನ ಗ್ರಾಮ ಪಂಚಾಯ್ತಿ. ಈ ವರ್ಷ ನಮಗೆ ಇಷ್ಟು ಬೇಕು ಅಂತ ಪ್ಯಾರಿಷ್ ಕೌನ್ಸಿಲ್ ಠರಾವು ಮಾಡುತ್ತದೆ, ಡಿಸ್ಟ್ರಿಕ್ಟ್‌ನವರು ಬಿಲ್ಲಿನಲ್ಲಿ ಸೇರಿಸಿ ವಸೂಲಿ ಮಾಡಿ ಕೊಡುತ್ತಾರೆ. ಮನೆಗಳಿಗೆ ಎ ಯಿಂದ ಎಚ್ ವರೆಗೆ ದರ್ಜೆ. 1991ರ ಏಪ್ರಿಲ್ 1ರಂದು ಆ ಮನೆಗೆ ಎಷ್ಟು ಬೆಲೆ ಬರುತ್ತಿತ್ತು ಅನ್ನುವುದರ ಮೇಲೆ ಆ ದರ್ಜೆ. ಇವತ್ತಿಗೂ ಅದೇ ಲೆಕ್ಕ. ಹಳೇ ರಿಜಿಸ್ಟರ್ ಹಿಡಿದು ಕೂತವರು ನಾವಷ್ಟೇ ಅಲ್ಲ ಅಂತ ನನಗೆ ಒಳಗೊಳಗೇ ಖುಷಿ.

ಹೆಸರು ಮಾತ್ರ ಚರ್ಚಿನದೇ. ಒಂದು ಚರ್ಚಿಗೆ ಸೇರಿದ ಊರು, ಸುತ್ತಲಿನ ಹೊಲ, ಅದೇ ಪ್ಯಾರಿಷ್. ಸರ್ಕಾರದ ಕೆಲಸವೆಲ್ಲ ನಿಧಾನಕ್ಕೆ ಅದರ ತಲೆಗೇ ಬಂತು. 1538ರಲ್ಲಿ ದೀಕ್ಷಾಸ್ನಾನ, ಮದುವೆ, ಮಣ್ಣು – ಮೂರನ್ನೂ ಪುಸ್ತಕದಲ್ಲಿ ಬರೆದಿಡಿ ಅಂತ ಹುಕುಂ ಆಯಿತು. 1555ರಲ್ಲಿ ರಸ್ತೆ. ಊರಿನವರು ವರ್ಷಕ್ಕೆ 4 ದಿನ ಕೂಲಿ ಇಲ್ಲದೆ ರಸ್ತೆ ಕೆಲಸ ಮಾಡಬೇಕು, ಶುದ್ಧ ಬಿಟ್ಟಿ ಚಾಕರಿ. 1601ರಲ್ಲಿ ಬಡವರ ಹೊಣೆಯೂ ಬಂತು. ಉಳ್ಳವರಿಂದ ಕರ ಎತ್ತಿ ಇಲ್ಲದವರಿಗೆ ಕೊಡುವುದು. ನಮ್ಮ ಮನೆ ಕರದ ರಸೀದಿಯಲ್ಲಿ ಭಿಕ್ಷುಕರ ಉಪಕರ ಅಂತ ಒಂದು ಕಾಲಂ ಇರುತ್ತದಲ್ಲ, ಅದನ್ನು ನೋಡಿದಾಗಲೆಲ್ಲ ನನಗೆ ಈ ಕಾನೂನು ನೆನಪಾಗುತ್ತದೆ.

ಕೈಯಿಂದ ದುಡ್ಡು ಹೋಗುತ್ತದೆ ಅಂದ ಮೇಲೆ ಜಿಪುಣತನವೂ ಬರುತ್ತದೆ. 1662ರ ಕಾನೂನಿನ ಪ್ರಕಾರ ಹೊರಗಿನಿಂದ ಬಂದ ಬಡವ ಊರಿಗೆ ಹೊರೆ ಆಗಬಹುದು ಅನ್ನಿಸಿದರೆ 40 ದಿನದೊಳಗೆ ಅವನನ್ನು ಅವನ ಸ್ವಂತ ಪ್ಯಾರಿಷ್‌ಗೆ ಅಟ್ಟಬಹುದಿತ್ತು. ದಿನ ತುಂಬಿದ ಗರ್ಭಿಣಿಯನ್ನು ಗಾಡಿಯಲ್ಲಿ ಹಾಕಿ ಗಡಿ ದಾಟಿಸಿ ಬಿಟ್ಟು ಬಂದದ್ದೂ ಉಂಟು. ಮಗು ನಮ್ಮ ಸೀಮೆಯಲ್ಲಿ ಹುಟ್ಟಿದರೆ ಅದರ ಅನ್ನದ ಖರ್ಚು ನಮ್ಮ ಮೇಲೆ ಬೀಳುತ್ತದಲ್ಲ, ಅದಕ್ಕೆ. ನಮ್ಮ ಕಡೆಯಿಂದ ಬೆಂಗಳೂರಿಗೂ ಗೋವಾಕ್ಕೂ ಗುಳೆ ಹೋಗುವವರನ್ನು ಆ ಕಾನೂನಿನ ಕೆಳಗೆ ನಿಲ್ಲಿಸಿ ನೋಡಿ, ಗೊತ್ತಾಗುತ್ತದೆ.

1834ರಲ್ಲಿ ಬಡವರ ಕೆಲಸವನ್ನು ಹಲವು ಪ್ಯಾರಿಷ್‌ಗಳನ್ನು ಕೂಡಿಸಿದ ಯೂನಿಯನ್‌ಗಳಿಗೆ ಕೊಟ್ಟರು. 1894ರಲ್ಲಿ ಹೊಸ ಕಾನೂನು ಬಂದು, ಹಳ್ಳಿಗಳಲ್ಲಿ ಚರ್ಚಿನ ಕೈಯಲ್ಲಿದ್ದ ಊರ ಕೆಲಸ ಚುನಾಯಿತ ಪ್ಯಾರಿಷ್ ಕೌನ್ಸಿಲ್‌ಗೆ ಬಂತು. ಚರ್ಚಿನ ಪ್ಯಾರಿಷ್ ಬೇರೆಯಾಗಿ ಇವತ್ತಿಗೂ ಇದೆ. ಅಳಿಯಂದಿರು ಕಟ್ಟುತ್ತಿರುವುದು ಬೀದಿ ದೀಪಕ್ಕೆ, ಮಕ್ಕಳ ಉಯ್ಯಾಲೆಗೆ, ಬಸ್ ನಿಲ್ದಾಣದ ತಗಡಿಗೆ.

ಪ್ರಶ್ನೆ: ಇಂಗ್ಲೆಂಡಿನ ಒಂದು ಪ್ಯಾರಿಷ್‌ನ ಜನಸಂಖ್ಯೆ, ಕಸುಬು, ಸೌಲಭ್ಯದ ಬಗ್ಗೆ ಕಾಲೇಜಿನಲ್ಲಿ ಬರೆದುಕೊಡಲು ಹೇಳಿದ್ದಾರೆ. ಒಂದೇ ಊರನ್ನು ಹಿಡಿದು ತಿಳಿಸುತ್ತೀರಾ?
– ಬಿ.ಎ. ವಿದ್ಯಾರ್ಥಿನಿ, ಸಿಂಧನೂರು

ಉತ್ತರ: ಹಿಡಿಯುವುದಾದರೆ ಸೆಲ್ಬೋರ್ನ್ ಹಿಡಿಯಮ್ಮ. ಮೇಲಿನ ಅಕ್ಕನ ಮಗಳಿರುವ ಹ್ಯಾಂಪ್‌ಶೈರ್‌ನದೇ ಊರು. ಗಿಲ್ಬರ್ಟ್ ವೈಟ್ ಅಂತ ಒಬ್ಬ ಪಾದ್ರಿ ಅಲ್ಲೇ 1720ರಲ್ಲಿ ಹುಟ್ಟಿ, ಅಲ್ಲೇ 1793ರಲ್ಲಿ ತೀರಿಕೊಂಡ. ಹಕ್ಕಿ, ಹುಳ, ಮಳೆ ಎಲ್ಲ ನೋಡಿ ನೋಡಿ ಬರೆದಿಟ್ಟ ಪುಣ್ಯಾತ್ಮ. ಆ ಪುಸ್ತಕ 1789ರಲ್ಲಿ ಬಂತು. ಅದರಲ್ಲಿ ಊರಿನ ಲೆಕ್ಕವೂ ಇದೆ. ಬ್ರಿಟನ್ನಿನ ಮೊದಲ ಜನಗಣತಿ ಆದದ್ದು 1801ರಲ್ಲಿ. ಈತ ಅದಕ್ಕೂ ಮೊದಲೇ, 1783ರ ಅಕ್ಟೋಬರ್ 4ಕ್ಕೆ ತನ್ನ ಊರನ್ನು ಎಣಿಸಿ ಇಟ್ಟಿದ್ದ.

ಮನೆತನ 136. ಊರ ಬೀದಿಯಲ್ಲಿ 313 ಜನ, ಉಳಿದ ಕಡೆ ಚದುರಿಕೊಂಡವರು 363. ಒಟ್ಟು 676. ಮನೆಗೆ ಸುಮಾರು ಐದು ಜನ ಬಿತ್ತು. ಆ ಕಾಲದವರು ಒಂದೊಂದು ಮನೆಯಲ್ಲಿ ಹನ್ನೆರಡು ಮಂದಿ ಇರುತ್ತಿದ್ದರು ಅಂತ ಸುಮ್ನೆ ಅಂದುಕೊಳ್ಳುತ್ತೇವೆ, ನೋಡು. ಬೀದಿ ಅಂದರೂ ಒಂದೇ ಒಂದು, ಅಂಕುಡೊಂಕಾಗಿ ಮುಕ್ಕಾಲು ಮೈಲಿ.

ಆಮೇಲೆ ಚರ್ಚಿನ ಪುಸ್ತಕ ಬಿಚ್ಚಿದ. 1720ರಿಂದ 1779ರವರೆಗೆ 60 ವರ್ಷದಲ್ಲಿ ದೀಕ್ಷಾಸ್ನಾನ 980, ಮಣ್ಣು 640. ಹುಟ್ಟಿದ ಮಗು ನಲವತ್ತು ದಾಟುವುದು ಅರ್ಧಕ್ಕರ್ಧ ಅಂತ ಲೆಕ್ಕ ಹಾಕಿ, ನಮ್ಮೂರಿನ ಜನ ಆರೋಗ್ಯವಂತರು ಅಂತ ಹಿಗ್ಗಿದ್ದಾನೆ! ಅವಳಿ ಮಕ್ಕಳು ಹದಿಮೂರು ಸಲ ಹುಟ್ಟಿದ್ದನ್ನೂ ಬಿಟ್ಟಿಲ್ಲ. 640 ಜನ ಹೋಗಿ 980 ಜನ ಬಂದರು ಅಂದರೆ 340 ಮಿಕ್ಕಬೇಕಲ್ಲ, ಅವರೆಲ್ಲ ಊರಲ್ಲೇ ಉಳಿದರಾ, ದುಡಿಯಲು ಹೊರಗೆ ಹೋದರಾ? ನಿನ್ನ ಪ್ರಬಂಧದಲ್ಲಿ ಈ ಪ್ರಶ್ನೆ ಎತ್ತಿದರೆ ಮೇಷ್ಟ್ರು ಎರಡು ಮಾರ್ಕ್ಸ್ ಜಾಸ್ತಿ ಕೊಟ್ಟಾರು.

ಕಸುಬಿನ ವಿಚಾರಕ್ಕೆ ಬಂದರೆ, ಊರಲ್ಲಿ ಬಡವರೇ ಜಾಸ್ತಿ. ಗಂಡಸರಿಗೆ ಒಕ್ಕಲುತನ, ಕಾಡಿನಲ್ಲಿ ಮರ ಕಡಿದು ತೊಗಟೆ ಸುಲಿಯುವುದು, ಹಾಪ್ಸ್ ತೋಟದ ಕೆಲಸ. ಹಾಪ್ಸ್ ಅಂದರೆ ಬಿಯರಿಗೆ ಕಹಿ ಕೊಡುವ ಬಳ್ಳಿಯ ಹೂವು. ಹೆಂಗಸರಿಗೆ ಬೇಸಿಗೆಯಲ್ಲಿ ಕಳೆ ತೆಗೆಯುವುದು, ಸೆಪ್ಟೆಂಬರ್‌ನಲ್ಲಿ ಹಾಪ್ಸ್ ಬಿಡಿಸುವುದು. ಅದು ಅವರಿಗೆ ಎರಡನೇ ಸುಗ್ಗಿ. ನಿಮ್ಮ ಕಡೆ ನಾಟಿ ಮುಗಿದ ಮೇಲೆ ಹತ್ತಿ ಬಿಡಿಸುವ ಕೂಲಿಗೆ ಕಾಯುವುದಿಲ್ಲವಾ, ಹಾಗೆ. ಚಳಿಗಾಲದಲ್ಲಿ ಕೆಲಸ ಇಲ್ಲದಾಗ ಮೊದಲೆಲ್ಲ ಉಣ್ಣೆ ನೂಲುತ್ತಿದ್ದರು. ಪಕ್ಕದ ಆಲ್ಟನ್ ಪೇಟೆಯವರು ಆ ನೂಲಿನಿಂದ ಬೇಸಿಗೆಯಲ್ಲಿ ಉಡುವ ಗೆರೆಗೆರೆ ಬಟ್ಟೆ ನೇಯುತ್ತಿದ್ದರು. ವೈಟ್ ಬರೆಯುವ ಹೊತ್ತಿಗೆ ಆ ವ್ಯಾಪಾರ ನಿಂತು ಹೋಗಿತ್ತು. ಚಳಿಗಾಲದ ಕೂಲಿಯೂ ಅದರ ಜತೆಗೇ ಹೋಯಿತು.

ಸೌಲಭ್ಯ: ಕಲ್ಲಿನ ಇಲ್ಲವೇ ಇಟ್ಟಿಗೆಯ ಮನೆ, ಕಿಟಕಿಗೆ ಗಾಜು, ಮೇಲೊಂದು ಅಂತಸ್ತು. ಮಣ್ಣಿನ ಮನೆ ನಮ್ಮಲ್ಲಿ ಒಂದೂ ಇಲ್ಲ ಅಂತ ಹೆಮ್ಮೆಯಿಂದ ಬರೆದಿದ್ದಾನೆ. ಬಾವಿಗಳು ಸರಾಸರಿ 63 ಅಡಿ. ಅಷ್ಟು ತೋಡಿದರೆ ಬತ್ತುವುದು ಅಪರೂಪ. ನೀರು ತಿಳಿ, ಕುಡಿಯಲು ರುಚಿ, ಆದರೆ ಸಾಬೂನಿಗೆ ನೊರೆ ಬರುವುದಿಲ್ಲ ಅಂತಾನೆ. ಕುಷ್ಟಗಿ, ಯಲಬುರ್ಗಾ ಕಡೆ ಬೋರಿನ ನೀರಲ್ಲಿ ಬಟ್ಟೆ ಒಗೆದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ನಮಗೆ ಮೇಲಿಂದ ಫ್ಲೋರೈಡ್ ಬೇರೆ.

ಎಲ್ಲ ಚೆಂದ ಅಂತ ಮಾತ್ರ ಬರೆಯಬೇಡ. ಕೂಲಿ ಇಳಿಯಿತು, ಒಕ್ಕಣೆ ಯಂತ್ರ ಬಂತು, 1830ರ ನವೆಂಬರ್‌ನಲ್ಲಿ ಇದೇ ಸೆಲ್ಬೋರ್ನ್ ಜನ ಎದ್ದು ನಿಂತರು. ಪಾದ್ರಿಗೆ ಸಲ್ಲುವ ದಶಮಾಂಶ, ಅಂದರೆ ಬೆಳೆಯ ಹತ್ತನೇ ಪಾಲು, ಇಳಿಸಿ, ಅದು ಇಳಿದರೆ ಒಕ್ಕಲಿಗರು ನಮಗೆ ಕೂಲಿ ಏರಿಸುತ್ತಾರೆ ಅಂತ ಪಟ್ಟು ಹಿಡಿದರು. ಬಡವರನ್ನು ಇಡುವ ವರ್ಕ್‌ಹೌಸಿಗೆ ನುಗ್ಗಿ ಒಡೆದರು. ಈಗ ಆ ಊರು ಸೌತ್ ಡೌನ್ಸ್ ರಾಷ್ಟ್ರೀಯ ಉದ್ಯಾನದ ಒಳಗಿದೆ, ವೈಟ್‌ನ ಮನೆ ಮ್ಯೂಸಿಯಂ ಆಗಿದೆ.

ಪ್ರಶ್ನೆ: ನಾನು ಗ್ರಾಮ ಪಂಚಾಯ್ತಿ ಸದಸ್ಯೆ. ಅಲ್ಲಿನ ಸದಸ್ಯರಿಗೆ ಗೌರವಧನ ಎಷ್ಟು? ಅಧಿಕಾರ ಎಷ್ಟು?
– ಕುಷ್ಟಗಿ ತಾಲ್ಲೂಕು

ಉತ್ತರ: ಗೌರವಧನದ ಆಸೆ ಇದ್ದರೆ ಇಲ್ಲೇ ಇರಿ ತಾಯಿ. ಅಲ್ಲಿ ಬಹುಪಾಲು ಸದಸ್ಯರಿಗೆ ಚಹಾದ ದುಡ್ಡೂ ಹುಟ್ಟುವುದಿಲ್ಲ. ಸಂಬಳ ಇರುವುದು ಕ್ಲರ್ಕ್‌ಗೆ, ಅದೂ ಸಣ್ಣ ಊರಲ್ಲಿ ವಾರಕ್ಕೆ ಕೆಲವು ತಾಸಿನ ಕೆಲಸ. ಸದಸ್ಯರು ಕಮ್ಮಿ ಅಂದರೆ ಐದು. ನಮ್ಮಲ್ಲಿ 1993ರ ಕಾನೂನಿನಲ್ಲಿ 400 ಜನಕ್ಕೊಬ್ಬ ಸದಸ್ಯ. ಚುನಾವಣೆಗೆ ನಿಲ್ಲುವವರೇ ಸಿಗದೆ, ಬನ್ನಿ ಅಂತ ಕರೆದು ಕೂರಿಸಿಕೊಳ್ಳುವುದು ಅಲ್ಲಿ ಮಾಮೂಲು. ನಮ್ಮಲ್ಲಿ ಒಂದೊಂದು ವಾರ್ಡಿಗೆ ಏನು ಖರ್ಚಾಗುತ್ತದೆ ಅಂತ ನಿಮಗೇ ಗೊತ್ತು, ನಾನು ಬಾಯಿ ಬಿಡುವುದಿಲ್ಲ.

ಅಧಿಕಾರ ಸಣ್ಣದು. ಸ್ಮಶಾನ, ಆಟದ ಬಯಲು, ಕಾಲುದಾರಿ, ಬೆಂಚು, ಸಮುದಾಯ ಭವನ, ತರಕಾರಿ ಬೆಳೆಯಲು ಜನರಿಗೆ ಬಾಡಿಗೆಗೆ ಕೊಡುವ ತುಂಡು ನೆಲ. ಶಾಲೆ, ದೊಡ್ಡ ರಸ್ತೆ, ಕಸ ವಿಲೇವಾರಿ ಇವೆಲ್ಲ ಮೇಲಿನವರದು. ಯಾರಾದರೂ ಮನೆ ಕಟ್ಟಲು ಅರ್ಜಿ ಹಾಕಿದರೆ ಪ್ಯಾರಿಷ್ ಅಭಿಪ್ರಾಯ ಹೇಳಬಹುದು, ತಡೆಯಲು ಆಗುವುದಿಲ್ಲ.

ಕೆಲಸದ ತೂಕ ನೋಡಿದರೆ ನೀವೇ ದೊಡ್ಡವರು. ಉದ್ಯೋಗ ಖಾತ್ರಿ, ಕುಡಿಯುವ ನೀರು, ಇ-ಸ್ವತ್ತು, ಆಶ್ರಯ ಮನೆ ಎಲ್ಲ ನಿಮ್ಮ ತಲೆ ಮೇಲೆ. ಆದರೆ ದುಡ್ಡು ಮೇಲಿಂದ ಬರುತ್ತದೆ, ಯಾವುದಕ್ಕೆ ಖರ್ಚು ಅಂತಲೂ ಮೇಲೇ ಬರೆದಿರುತ್ತದೆ. ನಾನು ಮಂಡಲ ಪಂಚಾಯ್ತಿ ಕಾಲದಿಂದ ಕರ ವಸೂಲಿ ಪುಸ್ತಕ ಬಗಲಲ್ಲಿ ಇಟ್ಟುಕೊಂಡು ತಿರುಗಿದವನು. ಮನೆ ಮುಂದೆ ನಿಂತರೆ “ಮೊದಲು ನೀರು ಬಿಡ್ರಿ, ಆಮೇಲೆ ಕರ” ಅನ್ನುತ್ತಿದ್ದರು. ಕರ ಬಂದರೆ ತಾನೇ ಮೋಟಾರು ರಿಪೇರಿ? ಅಲ್ಲಿ ಪ್ಯಾರಿಷ್ ಎತ್ತುವುದು ಚಿಲ್ಲರೆ ದುಡ್ಡೇ ಇರಬಹುದು, ಆದರೆ ಎಷ್ಟು ಎತ್ತಬೇಕು, ಎಲ್ಲಿ ಹಾಕಬೇಕು ಎರಡನ್ನೂ ಊರೇ ನಿರ್ಧರಿಸುತ್ತದೆ. ನನಗೆ ಹೊಟ್ಟೆಕಿಚ್ಚು ಆಗುವುದು ಅಷ್ಟಕ್ಕೇ.

ಜಗಳದಲ್ಲಿ ಮಾತ್ರ ಅವರೂ ನಾವೂ ಒಂದೇ. ಚೆಷೈರ್‌ನ ಹ್ಯಾಂಡ್‌ಫೋರ್ತ್ ಅನ್ನುವ ಪ್ಯಾರಿಷ್‌ನ ಆನ್‌ಲೈನ್ ಸಭೆಯ ವಿಡಿಯೊ 2021ರ ಫೆಬ್ರವರಿಯಲ್ಲಿ ಊರೆಲ್ಲ ಹರಡಿತ್ತು. ಸಭೆ ನಡೆಸಿಕೊಡಲು ಬಂದಿದ್ದ ಹೆಣ್ಣುಮಗಳು ಕೂಗಾಡುತ್ತಿದ್ದ ಅಧ್ಯಕ್ಷರನ್ನೇ ಒಂದು ಗುಂಡಿ ಒತ್ತಿ ಹೊರಗೆ ಹಾಕಿಬಿಟ್ಟರು. ಆ ಗುಂಡಿ ನನ್ನ ಸರ್ವಿಸಿನಲ್ಲಿ ಸಿಕ್ಕಿದ್ದರೆ!

ಪ್ರಶ್ನೆ: ಅಲ್ಲಿ ಹಳ್ಳಿಗಳಲ್ಲಿ ಬಸ್ಸು, ಅಂಗಡಿ, ಆಸ್ಪತ್ರೆ ಎಲ್ಲ ಇರುತ್ತವೆಯೇ?
– ಸಿರುಗುಪ್ಪ

ಉತ್ತರ: ದೊಡ್ಡ ಹಳ್ಳಿಗಳಲ್ಲಿ ಬಸ್ಸು, ಅಂಗಡಿ, ಡಾಕ್ಟರ ಕ್ಲಿನಿಕ್ಕು ಇರುತ್ತವೆ. ಸಣ್ಣ ಹಳ್ಳಿಗೆ ದಿನಕ್ಕೆ ಒಂದೆರಡು ಬಸ್ಸು ಬಂದರೆ ಪುಣ್ಯ, ಕಾರು ಇಲ್ಲದವರ ಪಾಡು ಕಷ್ಟ. ರೈಲೂ ಹಾಗೆಯೇ. 1963ರ ಬೀಚಿಂಗ್ ವರದಿ ನಷ್ಟದ ನೆಪ ಹೇಳಿ ಎರಡು ಸಾವಿರಕ್ಕೂ ಜಾಸ್ತಿ ನಿಲ್ದಾಣ ಮುಚ್ಚಿ ಅಂತು, ಬಹಳಷ್ಟು ಮುಚ್ಚಿದವು ಕೂಡ. ಕುಷ್ಟಗಿಗೆ 2025ರಲ್ಲಿ ಮೊದಲ ರೈಲು ಬಂದಾಗ ಜನ ಹೂವಿನ ಹಾರ ಹಿಡಿದು ನಿಂತದ್ದನ್ನು ಅವರಿಗೆ ತೋರಿಸಬೇಕು.

ಅಂಗಡಿ, ಅಂಚೆ ಕಚೇರಿ, ಪಬ್ಬು ಒಂದೊಂದಾಗಿ ಮುಚ್ಚುತ್ತಿವೆ. ಊರಿನ ಹುಡುಗರಿಗೆ ಮನೆ ಕೊಳ್ಳಲು ಆಗುವುದಿಲ್ಲ, ಪಟ್ಟಣದ ಹಣವಂತರು ಬೇಸಿಗೆಗೆ ಅಂತ ಕೊಂಡು ಬೀಗ ಹಾಕಿ ಹೋಗುತ್ತಾರೆ. ಕಾರ್ನ್‌ವಾಲ್‌ನ ಸೇಂಟ್ ಐವ್ಸ್‌ನವರು 2016ರಲ್ಲಿ ಮತ ಹಾಕಿ, ಹೊಸದಾಗಿ ಕಟ್ಟುವ ಮನೆ ವರ್ಷಪೂರ್ತಿ ವಾಸಿಸುವವರಿಗೇ ಇರಬೇಕು ಅಂತ ತೀರ್ಮಾನಿಸಿದರು. ಕೆಲವು ಊರಲ್ಲಿ ಜನರೇ ಷೇರು ಹಾಕಿ ಅಂಗಡಿ ನಡೆಸುತ್ತಾರೆ. ನಿವೃತ್ತರು ಪಾಳಿ ಮೇಲೆ ಗಲ್ಲಾದಲ್ಲಿ ಕೂರುತ್ತಾರೆ. 2011ರ ಕಾನೂನಿನಲ್ಲಿ ಇನ್ನೊಂದು ಅನುಕೂಲ: ಊರಿಗೆ ಬೇಕಾದದ್ದು ಅಂತ ಪಟ್ಟಿಗೆ ಸೇರಿಸಿದ ಪಬ್ಬನ್ನೋ ಅಂಗಡಿಯನ್ನೋ ಮಾಲೀಕ ಮಾರಲು ಹೊರಟರೆ, ನಾವು ಕೊಳ್ಳುತ್ತೇವೆ ಅಂತ ಊರಿನವರು ಆರು ತಿಂಗಳು ತಡೆ ಹಿಡಿಯಬಹುದು.

ಕೆಂಪು ಬಣ್ಣದ ಹಳೇ ಟೆಲಿಫೋನ್ ಡಬ್ಬ ನೋಡಿದ್ದೀರಲ್ಲ? ಒಂದು ಪೌಂಡ್ ಕೊಟ್ಟು ಪ್ಯಾರಿಷ್ ಅದನ್ನು ಕೊಳ್ಳಬಹುದು. ಹೃದಯ ನಿಂತವರಿಗೆ ಶಾಕ್ ಕೊಡುವ ಯಂತ್ರವನ್ನು ಒಳಗೆ ಇಟ್ಟಿರುತ್ತಾರೆ. ಇನ್ನು ಕೆಲವು ಕಡೆ ಪುಸ್ತಕ ಇಟ್ಟಿರುತ್ತಾರೆ, ಒಂದು ಒಯ್ದರೆ ಒಂದು ಇಡಬೇಕು.

ಪ್ರಶ್ನೆ: ಎಲ್ಲಕ್ಕಿಂತ ದೊಡ್ಡ ಪ್ಯಾರಿಷ್ ಎಷ್ಟು ದೊಡ್ಡದು?
– ಮಾನ್ವಿ

ಉತ್ತರ: 2020ರಲ್ಲಿ ನಾರ್ಥಾಂಪ್ಟನ್ ನಗರಕ್ಕೂ ಇದೇ ದರ್ಜೆಯ ಕೌನ್ಸಿಲ್ ಬಂತು. ಜನ ಒಂದು ಲಕ್ಷಕ್ಕೂ ಜಾಸ್ತಿ, ನಮ್ಮ ಕೊಪ್ಪಳಕ್ಕಿಂತ ದೊಡ್ಡದು. ಒಬ್ಬರೂ ವಾಸ ಇಲ್ಲದ ಪ್ಯಾರಿಷ್‌ಗಳೂ ಇವೆ. ತೀರಾ ಸಣ್ಣವಕ್ಕೆ ಕೌನ್ಸಿಲ್ಲೇ ಇರುವುದಿಲ್ಲ, ಮತದಾರರೆಲ್ಲ ಸೇರಿ ಸಭೆ ಮಾಡುತ್ತಾರೆ.

ಪ್ರಶ್ನೆ: ಅಲ್ಲಿನ ಪಂಚಾಯ್ತಿ ಲೆಕ್ಕವನ್ನು ಸಾಮಾನ್ಯ ಜನ ನೋಡಬಹುದಾ? ಇಲ್ಲಿ ಕೇಳಿದರೆ ಕಡತ ಆಡಿಟ್‌ಗೆ ಹೋಗಿದೆ ಅಂತಾರೆ.
– ಯಲಬುರ್ಗಾ

ಉತ್ತರ: ನೋಡಬಹುದು. ವರ್ಷಕ್ಕೊಮ್ಮೆ 30 ಕೆಲಸದ ದಿನ ಪುಸ್ತಕ, ಬಿಲ್ಲು, ವೋಚರ್ ಎಲ್ಲ ತೆರೆದಿಡಬೇಕು. ಜುಲೈ ತಿಂಗಳ ಮೊದಲ ಹತ್ತು ಕೆಲಸದ ದಿನ ಅದರಲ್ಲಿ ಬರಲೇಬೇಕು. ಅಲ್ಲಿನ ಮತದಾರ ಆಡಿಟರ್‌ಗೆ ನೇರವಾಗಿ ಆಕ್ಷೇಪಣೆಯನ್ನೂ ಬರೆಯಬಹುದು.

ನಮ್ಮಲ್ಲೂ ದಾರಿ ಇದೆ, ಜಮಾಬಂದಿ ಅಂತ. ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಹಿಂದಿನ ವರ್ಷದ ಲೆಕ್ಕವನ್ನು ಜನರ ಮುಂದೆ ಇಡಬೇಕು. ತಾರೀಕು ಯಾವುದು ಅಂತ ಪಿಡಿಒ ಅವರನ್ನು ಮೊದಲೇ ಕೇಳಿಡಿ. ಆ ದಿನ ಕಡತ ಆಡಿಟ್‌ಗೆ ಹೋಗಿದೆ ಅನ್ನುವ ಮಾತು ನಡೆಯುವುದಿಲ್ಲ. ಹೋದಾಗ ಮೊತ್ತ ಎಷ್ಟು ಅಂತ ಕೇಳಿ ಸುಮ್ಮನಾಗಬೇಡಿ. ಕಾಮಗಾರಿಯ ಎಂ.ಬಿ., ಅಂದರೆ ಅಳತೆ ಪುಸ್ತಕ ತೆಗೆಸಿ. ಚರಂಡಿ ಎಷ್ಟು ಮೀಟರ್ ಅಂತ ಬರೆದಿದೆಯೋ ನೋಡಿ, ಟೇಪು ಹಿಡಿದು ಅಳೆದು ಬನ್ನಿ. ಕೇಳಿದ ಪ್ರಶ್ನೆಯನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಫೋನಿನಲ್ಲಿ ಆ ಪುಟದ ಫೋಟೊ ತೆಗೆದುಕೊಂಡೇ ಎದ್ದು ಬನ್ನಿ.